ಕೋಣವೋ ಕಪ್ಪೆಯೋ

ಅಂಗಡಿಯಲ್ಲಿ ಏನನ್ನೇ ಕೊಳ್ಳಲಿ, ಅದನ್ನು ಎತ್ತಿ ಕಿವಿಯ ಪಕ್ಕ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಟಾರ್ಚು, ಗಡಿಯಾರ, ಪೌಡರ್ ಡಬ್ಬಿ ಎಲ್ಲಕ್ಕೂ ಇದೇ ಪರೀಕ್ಷೆ. ಮೊನ್ನೆ ಸೊಸೆಯ ಜೊತೆ ಮಿಕ್ಸಿ ಕೊಳ್ಳಲು ಹೋದಾಗ ಅದನ್ನೂ ಎರಡು ಕೈಯಲ್ಲಿ ಎತ್ತಿ ಕಿವಿಗೆ ಹಿಡಿದೆ. ಅಂಗಡಿಯವನು, "ಅಮ್ಮಾ, ಅದು ಕರೆಂಟಿಗೆ ಹಾಕಿದ್ರೆ ಮಾತ್ರ ಸದ್ದು ಮಾಡೋದು" ಅಂದ. ಸೊಸೆ ನನಗೂ ತನಗೂ ಸಂಬಂಧವೇ ಇಲ್ಲವೇನೋ ಎನ್ನುವಂತೆ ಫ್ಯಾನುಗಳ ಕಡೆಗೆ ಹೋಗಿಬಿಟ್ಟಳು. ನಾನೇನೂ ನಾಚಿಕೊಳ್ಳಲಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯವರ ಮನೆಯಲ್ಲಿ ಹುಟ್ಟಿದವಳು ನಾನು. ನಮಗೆ ಕಿವಿ ಇರುವುದು ಮೊದಲು ಅಲ್ಲಾಡಿಸಿ ಕೇಳುವುದಕ್ಕೆ, ಓಲೆ ಹಾಕಿಕೊಳ್ಳುವುದೆಲ್ಲ ಆಮೇಲೆ.

ನೀವು ಬೇರೆ ಸೀಮೆಯವರಾದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಕಾಯಿ ಒಡೆದು ಬಿಸಿಲಿಗೆ ಹರಡುವುದಲ್ಲ. ಇಡೀ ಕಾಯಿಯನ್ನು ಅಟ್ಟಕ್ಕೆ ಹಾಕಿ ಸುಮ್ಮನೆ ಬಿಟ್ಟುಬಿಡುವುದು. ವರ್ಷ ಕಳೆಯುವ ಹೊತ್ತಿಗೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗ ಅಲ್ಲಾಡಿಸಿದರೆ ಗಟಗಟ ಅನ್ನುತ್ತದೆ. ಗುಳುಗುಳು ಅಂದರೆ ಇನ್ನೂ ನೀರಿದೆ, ಹಸಿ ಎಂದು ಲೆಕ್ಕ. ಏನೂ ಅನ್ನದೆ ಗಮ್ಮನೆ ಕೂತ ಕಾಯಿಯ ಮೇಲೆ ಯಾರಿಗೂ ನಂಬಿಕೆಯಿಲ್ಲ. ನಮ್ಮಜ್ಜಿ ಮಾತು ಕಡಿಮೆ ಆಡುವ ನೆಂಟರನ್ನೂ ಇದೇ ಗುಂಪಿಗೆ ಸೇರಿಸಿ ದೂರ ಇಟ್ಟಿದ್ದಳು.

ನಮ್ಮಪ್ಪ ಪರಮೇಶಣ್ಣನ ಕಿವಿ ಮಂಡಿಯಲ್ಲೆಲ್ಲ ಹೆಸರಾಗಿತ್ತು. ಆದರೆ ಅವನ ಕಣ್ಣು ಅದಕ್ಕಿಂತ ದೊಡ್ಡ ಹೆಸರು ಮಾಡಿತ್ತು. ರಾಶಿಯ ಮುಂದೆ ನಿಂತು ಒಂದು ಸಲ ನೋಡಿದರೆ ಸಾಕು, ಇದರೊಳಗೆ ಬೂಷ್ಟು ಹಿಡಿದದ್ದು ಸೇರಿದೆ, ಇದು ಅಪ್ಪಟ ಬಿಳುಪು, ಇದು ಮಳೆಗೆ ಸಿಕ್ಕ ಅಟ್ಟದ್ದು ಎಂದು ಹೇಳಿಬಿಡುತ್ತಿದ್ದ. ಚಿಕ್ಕನಾಯಕನಹಳ್ಳಿ ಕಡೆಯ ತೋಟದವರು ತಮ್ಮ ತಮ್ಮಲ್ಲೇ ಜಗಳವಾದರೆ, "ಪರಮೇಶಣ್ಣ ಬಂದು ನೋಡ್ಲಿ ಬುಡು" ಎಂದು ಮಾತು ಮುಗಿಸುತ್ತಿದ್ದರು.

ಅಪ್ಪನಿಗೆ ಇನ್ನೊಂದು ಹುಚ್ಚಿತ್ತು, ವೇಗ. ಅವನ ಹಳೆಯ ಜೀಪಿನಲ್ಲಿ ಅರಸೀಕೆರೆ ಕಡೆಗೆ ಹೊರಟಾಗ ಪಕ್ಕದ ಕಂಬಿಯ ಮೇಲೆ ರೈಲು ಬಂತೆಂದರೆ ಮುಗಿಯಿತು. ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ, ಹಲ್ಲು ಕಚ್ಚಿ, ರೈಲಿನ ಡ್ರೈವರಿಗೆ ಕೈ ತೋರಿಸಿ, ಜೀಪಿನ ಬೋಲ್ಟು ಬೋಲ್ಟೂ ಅಳುವಂತೆ ಓಡಿಸುತ್ತಿದ್ದ. ರೈಲಿಗೂ ಇವನಿಗೂ ಯಾವ ಕಾಲದ ದಾಯಾದಿ ಜಗಳವೋ ಎಂದು ಅಜ್ಜಿ ಗೊಣಗುತ್ತಿದ್ದಳು. ಅಮ್ಮ ಮಾತ್ರ ಜೀಪು ಹತ್ತುವ ಮೊದಲು ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಕೂತವಳು ಊರು ಬಂದ ಮೇಲೆಯೇ ತೆರೆಯುತ್ತಿದ್ದಳು. ನನಗೆ ಆ ಸವಾರಿ ಎಂದರೆ ಪ್ರಾಣ. ಕಾಲೇಜಿನ ಕೊನೆಯ ವರ್ಷದ ಬೇಸಿಗೆಯಲ್ಲಿ ನೀರಿಲ್ಲದ ಕೆರೆಯ ಅಂಗಳಕ್ಕೆ ಕರೆದುಕೊಂಡು ಹೋಗಿ ಅಪ್ಪ ನನಗೆ ಜೀಪು ಕಲಿಸಿದ. ಬಹಳ ಬೇಗ ಕಲಿತೆ. ಇದನ್ನು ವಿನಯದಿಂದ ಹೇಳಲು ಪ್ರಯತ್ನಿಸಿದ್ದೇನೆ, ಆಗುವುದಿಲ್ಲ. ನಾನು ನಿಜವಾಗಿಯೂ ಚೆನ್ನಾಗಿ ಓಡಿಸುತ್ತಿದ್ದೆ.

ಆಮೇಲೆ ಹಾಲ್ಕುರಿಕೆಯ ಆ ಸಂಜೆ ಬಂತು. ಅಲ್ಲಿ ಯಾರದೋ ಅಟ್ಟ ನೋಡಿಕೊಂಡು ವಾಪಸು ಬರುತ್ತಿದ್ದೆವು. ಇನ್ನೂ ಕತ್ತಲಾಗಿರಲಿಲ್ಲ. ಅಪ್ಪ ಜೀಪು ನಿಧಾನ ಮಾಡಿ, ಹೊರಗೆ ಬಗ್ಗಿ, ರಸ್ತೆಯ ಬದಿಗೆ ನಿಂತವನನ್ನು, "ತಿಪಟೂರಿಗೆ ಬತ್ತೀಯೇನಪ್ಪ? ಹತ್ಕೋ, ಹತ್ಕೋ" ಎಂದು ಕರೆದ. ನಿಂತಿದ್ದದ್ದು ಮೈಲಿಗಲ್ಲು. ನಾನು ನಗಲು ಬಾಯಿ ತೆರೆದೆ. ಅಪ್ಪ ಉತ್ತರಕ್ಕಾಗಿ ಕಾಯುತ್ತಲೇ ಇದ್ದ. ಆ ಮುಖ ನೋಡಿ ತೆರೆದ ಬಾಯಿ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವನಿಗೂ ತಿಳಿಯಿತು. ಕೆಳಗಿಳಿದು, ಜೀಪಿನ ಮೈಯನ್ನು ಸವರಿಕೊಂಡೇ ನನ್ನ ಕಡೆಗೆ ಬಂದು, "ಯಾಕೋ ನಿದ್ದೆ ಬತ್ತಾ ಐತೆ ಕಣಮ್ಮ ಗಿರಿಜಾ. ನೀನೇ ಓಡ್ಸು" ಅಂದ.

ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಣ್ಣಿನ ನರ ಒಣಗಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ, ಉಳಿದದ್ದೂ ನಿಧಾನವಾಗಿ ಹೋಗುತ್ತದೆ ಎಂದು ಅವರು ಮರೆಮಾಚದೆ ಹೇಳಿದರು. ವಾಪಸು ಬರುವಾಗ ಗುಬ್ಬಿ ದಾಟಿದ ಮೇಲೆ ಅಪ್ಪ, "ಮಂಡೀಲಿ ಗೊತ್ತಾಗಬಾರದು. ಕಣ್ಣು ಕಾಣದವನು ಕೊಬ್ಬರಿ ಏನ್ ನೋಡ್ತಾನೆ ಅಂದ್ಬುಟ್ರೆ ನಾನು ಗದ್ದಿಗೆ ಮೇಲೆ ಕೂತು ಏನ್ಮಾಡ್ಲಿ? ನಿಮ್ಮ ಚಿಕ್ಕಪ್ಪನಿಗೂ ಹೇಳ್ಬೇಡ" ಅಂದ. ನಾನು ಆಗಲಿ ಅಂದೆ. ಅವತ್ತಿನಿಂದ ಅಪ್ಪನ ಡ್ರೈವರು ನಾನು.

ಆದರೆ ಮಂಡಿಯ ಪರಮೇಶಣ್ಣ ಇದ್ದಕ್ಕಿದ್ದಂತೆ ಪಕ್ಕದ ಸೀಟಿನಲ್ಲಿ ಕೂತು, ಮಗಳು ಜೀಪು ಓಡಿಸಿದರೆ ಜನ ಸುಮ್ಮನಿರುತ್ತಾರೆಯೇ? ಅದಕ್ಕೆ ಅಪ್ಪ ಒಂದು ಉಪಾಯ ಕಂಡುಹಿಡಿದ. ತಗಡಿನ ಮೇಲೆ ಕೆಂಪು ಬಣ್ಣದಲ್ಲಿ L ಬರೆಸಿ ಜೀಪಿನ ಹಿಂದೆ ಮುಂದೆ ಕಟ್ಟಿದ. ಕೇಳಿದವರಿಗೆಲ್ಲ, "ಮಗಳಿಗೆ ಕಲಿಸ್ತಾ ಇದೀನಿ" ಎಂದು ಹೇಳಿದ. ನನಗೆ ಪಕ್ಕಾ ಲೈಸೆನ್ಸು ಬಂದ ಮೇಲೂ ಆ ತಗಡು ಇಳಿಯಲಿಲ್ಲ. ತಿಂಗಳಾಯಿತು, ಆರು ತಿಂಗಳಾಯಿತು, ವರ್ಷವಾಯಿತು, ಅಪ್ಪ ಕಲಿಸುತ್ತಲೇ ಇದ್ದ. ಇಷ್ಟು ದಿನ ಕಲಿಸಿದರೂ ಕಲಿಯದವಳು ಎಂಥವಳಿರಬೇಕು? ದಡ್ಡಿಯಾಗಿರಬೇಕು. ಹೀಗಾಗಿ ನಾನು ದಡ್ಡಿಯಾಗಬೇಕಾಯಿತು.

ಕೆಟ್ಟದಾಗಿ ಓಡಿಸುವುದು ಎಷ್ಟು ಕಷ್ಟ ಎಂದು ಚೆನ್ನಾಗಿ ಓಡಿಸುವವರನ್ನೇ ಕೇಳಬೇಕು. ಮಂಡಿಯ ಗೇಟಿನ ಮುಂದೆ ಜನ ಸೇರಿದ್ದಾಗ ಕ್ಲಚ್ಚನ್ನು ಸರಿಯಾದ ಜಾಗದಲ್ಲಿ ತಪ್ಪಾಗಿ ಬಿಟ್ಟು ಇಂಜಿನ್ ನಿಲ್ಲಿಸಬೇಕು. ಗೇರು ಕರ್ರ್ ಎನ್ನಬೇಕು, ಆದರೆ ಹಲ್ಲು ಮುರಿಯಬಾರದು. ಎತ್ತಿನ ಗಾಡಿಗೆ ತಾಗುವ ಹಾಗೆ ಹೋಗಬೇಕು, ತಾಗಬಾರದು. ನಾನು ಇದನ್ನೆಲ್ಲ ಎಷ್ಟು ಸೊಗಸಾಗಿ ಮಾಡುತ್ತಿದ್ದೆನೆಂದರೆ ಪಕ್ಕದ ಮಂಡಿಯ ರುದ್ರಣ್ಣ ನನ್ನನ್ನು ಕಂಡರೆ ಜಗುಲಿ ಹತ್ತಿ ನಿಲ್ಲುತ್ತಿದ್ದ. "ಏನ್ ಪರಮೇಶಣ್ಣ, ನಿನ್ ಮಗಳು ಇನ್ನೂ ಕಲೀಲಿಲ್ವಾ? ನಮ್ಮನೆ ಎತ್ತಾಗಿದ್ರೆ ಇಷ್ಟೊತ್ತಿಗೆ ಕಲ್ತಿರೋದು ಕಣಣ್ಣ" ಎಂದು ಎಲ್ಲರ ಮುಂದೆ ಅನ್ನುತ್ತಿದ್ದ. ನಾನು ತಲೆ ತಗ್ಗಿಸಿ ಸ್ಟೇರಿಂಗು ನೋಡುತ್ತಾ ಕೂರುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಊರ ಹೊರಗಿನ ಕೊನೆಯ ಮನೆ ದಾಟುತ್ತಲೇ ಅಪ್ಪ, "ಆಯ್ತು ಬುಡು, ಈಗ ಓಡ್ಸು" ಅನ್ನುತ್ತಿದ್ದ. ಅಲ್ಲಿಂದ ಮುಂದೆ ನಾನು ನಾನಾಗುತ್ತಿದ್ದೆ.

ಇನ್ನೂ ಒಂದು ಕಿರಿಕಿರಿಯಿತ್ತು. ನನ್ನ ಚಿಕ್ಕಪ್ಪ, ಅಪ್ಪನ ಒಬ್ಬನೇ ತಮ್ಮ, ಮಂಡಿಯಲ್ಲಿ ತೂಕ ನೋಡಿಕೊಳ್ಳುತ್ತಿದ್ದವನು, ಮೊದಲಿನಿಂದ ಮಾತೇ ಆಡದ ಮನುಷ್ಯ. ಆ ವರ್ಷ ಅದೇನಾಯಿತೋ, ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ. "ಅಣ್ಣ, ಈ ರಾಶಿ ಬಿಳುಪಾಗೈತೆ ಕಣಣ್ಣ. ಆ ಮೂಲೇದು ಸ್ವಲ್ಪ ಕಪ್ಪು. ಇಗೋ ನೊಣವಿನಕೆರೆಯೋರು ಬಂದ್ರು, ಹಸಿರು ಟವಲು ಹಾಕ್ಕಂಡವ್ರೆ" ಎಂದು ಇಡೀ ದಿನ ವದರುತ್ತಿದ್ದ. ವಯಸ್ಸಾಗುತ್ತಾ ಬಂದಂತೆ ಕೆಲವರಿಗೆ ಹೀಗಾಗುತ್ತದೆ ಎಂದುಕೊಂಡು ನಾನು ಅವನಿಗೆ ಹೆಚ್ಚು ಗಮನ ಕೊಡಲಿಲ್ಲ.

ಹೀಗಿರುವಾಗ ಜೀಪು ಕೈಕೊಟ್ಟಿತು. ರಿಪೇರಿ ಮಾಡಿ ಮಾಡಿ ಬೇಸತ್ತ ರಹೀಮ್ ಸಾಬರು, "ಅಣ್ಣಾವ್ರೆ, ಇದರಲ್ಲಿ ಇನ್ನು ಜೀಪು ಇಲ್ಲ, ಬರೀ ಬೆಸುಗೆ ಐತೆ" ಎಂದು ಕೈ ಮುಗಿದರು. ಬಿ.ಎಚ್. ರಸ್ತೆಯಲ್ಲಿ ಅವರ ಗ್ಯಾರೇಜು. ಬೇರೆ ಗಾಡಿ ನೋಡಬೇಕಾಯಿತು. ಅಪ್ಪನ ಅದೃಷ್ಟಕ್ಕೋ ನನ್ನ ಗ್ರಹಚಾರಕ್ಕೋ, ಸಾಬರು ಆಗತಾನೇ ಹಾಸನದ ಆಚೆಯ ಕಾಫಿ ತೋಟದ ಸಾಹುಕಾರರೊಬ್ಬರಿಂದ ಎರಡು ಹಳೆಯ ಕಾರು ಕೊಂಡು ತಂದಿದ್ದರು. ಆ ಸಾಹುಕಾರರು ಒಂದು ಕಾಲದಲ್ಲಿ ಪಂದ್ಯಗಳಲ್ಲಿ ಕಾರು ಓಡಿಸಿದವರಂತೆ. ಎರಡೂ ಓಡುವುದಕ್ಕೆಂದೇ ಹುಟ್ಟಿದ ಗಾಡಿಗಳು. ಎರಡಕ್ಕೂ ಈಗ ಮುಪ್ಪು.

ಒಂದು ಅಮೆರಿಕದ್ದು. ಕರಿ ಬಣ್ಣ, ಎಂಟು ಸಿಲಿಂಡರಿನ ಇಂಜಿನ್ನು, ಬಾನೆಟ್ಟಿನ ಮೇಲೆ ಹಾಸಿಗೆ ಹಾಸಿ ಇಬ್ಬರು ಮಲಗಬಹುದು. ಗೇರಿನ ಕೋಲು ಸ್ಟೇರಿಂಗಿನ ಕೆಳಗೆ. ಇನ್ನೊಂದು ಇಂಗ್ಲೆಂಡಿನದು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಚುವ ಕ್ಯಾನ್ವಾಸು. ನೆಲಕ್ಕೆ ಅಂಟಿಕೊಂಡಂತಿದ್ದ ಅದರ ದೀಪಗಳು ಮೇಲಕ್ಕೆ ಉಬ್ಬಿದ್ದವು. ಅಜ್ಜಿ ಗ್ಯಾರೇಜಿಗೆ ಬಂದು ಎರಡನ್ನೂ ಒಂದು ಸುತ್ತು ಹಾಕಿ ನೋಡಿದಳು. "ಅದು ಕೋಣ, ಇದು ಕಪ್ಪೆ" ಅಂದಳು. "ಒಂದು ಯಮನ ವಾಹನ, ಇನ್ನೊಂದು ಯಾವ ದೇವ್ರಿಗೂ ಬ್ಯಾಡ." ಆಮೇಲೆ ಅವುಗಳಿಗೆ ಬೇರೆ ಹೆಸರೇ ಉಳಿಯಲಿಲ್ಲ.

ಕಾರು ನೋಡಲು ಮಂಡಿಯೇ ಎದ್ದು ಬಂತು. ದನದ ಜಾತ್ರೆಯಲ್ಲಿ ಎತ್ತು ನೋಡಿ ಪಳಗಿದವರು ಕಾರಿನ ಸುತ್ತಲೂ ಬಗ್ಗಿ ಬಗ್ಗಿ ಸುಳಿ ಹುಡುಕಿದರು. ಒಬ್ಬರು ಕೋಣದ ಬಂಪರಿನ ಮೇಲೆ ಕೈಯಿಟ್ಟು, ಇದಕ್ಕೆ ಹಲ್ಲು ಪೂರ್ತಿ ಬಂದಿದೆ ಎಂದರು. ಸಾಬರು ಎರಡನ್ನೂ ಸ್ಟಾರ್ಟ್ ಮಾಡಿದರು. ಕೋಣ ಶುರುವಾದದ್ದೇ ಗೊತ್ತಾಗಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಒಳಗೆ ಏನೋ ಗುಳುಗುಳು ಎಂದು ಹರಿದ ಹಾಗಿತ್ತು, ಅಷ್ಟೇ. ಕಪ್ಪೆ ಮಾತ್ರ ಇಡೀ ಗ್ಯಾರೇಜು ಅದುರುವಂತೆ ಗಟಗಟ, ಗಟಗಟ ಎಂದಿತು.

ಮಂಡಿಯವರ ಮುಖಗಳು ಅರಳಿದವು. ರುದ್ರಣ್ಣ ತಲೆದೂಗಿ, "ಇದು ಒಣಗೈತೆ ಕಣ್ರಪ್ಪ" ಅಂದ. ಅಪ್ಪ ಕಣ್ಣು ಮುಚ್ಚಿ, ಕಪ್ಪೆಯ ಬಾನೆಟ್ಟಿಗೆ ಕಿವಿಯಿಟ್ಟು, "ಪಕ್ವ" ಅಂದ. ಕೋಣಕ್ಕೆ ಕಿವಿಯಿಟ್ಟು, "ಇದರಲ್ಲಿ ನೀರು ಇಂಗಿಲ್ಲ, ಇನ್ನೂ ಹಸಿ ಐತೆ" ಅಂದ. ಸಾಬರು ತಲೆಯ ಮೇಲೆ ಕೈ ಹೊತ್ತುಕೊಂಡರು. "ಅಣ್ಣಾವ್ರೆ, ಇಂಜಿನ್ನು ಗಟಗಟ ಅಂದ್ರೆ ಖರಾಬ್ ಆಗೈತೆ ಅಂತ. ಇದು ಕಾಯಿ ಅಲ್ಲ!" ಎಂದು ಕೂಗಿದರು. ಮಾರುವವನೇ ತನ್ನ ಮಾಲನ್ನು ಹಳಿಯುವುದನ್ನು ಮಂಡಿಯವರು ಅದುವರೆಗೆ ಕಂಡಿರಲಿಲ್ಲ. ಇದರಲ್ಲಿ ಏನೋ ಮಸಲತ್ತಿದೆ ಎಂದು ಕಪ್ಪೆಯ ಮೇಲೆ ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಅಪ್ಪ ಆ ಗಟಗಟವನ್ನು ನಿಜವಾಗಿ ನಂಬಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅರ್ಧ ನಂಬಿದ್ದ ಎಂದು ಕಾಣುತ್ತದೆ. ಇನ್ನರ್ಧ ಬೇರೆ ಕಾರಣ, ಅದನ್ನು ಅಪ್ಪ ರಾತ್ರಿ ಊಟವಾದ ಮೇಲೆ ಹಿತ್ತಲಲ್ಲಿ ನನ್ನೊಬ್ಬಳಿಗೇ ಹೇಳಿದ. ಕಪ್ಪೆಯಲ್ಲಿ ಇರುವುದು ಎರಡೇ ಸೀಟು. ಅವನು ಮತ್ತು ನಾನು. ಮೂರನೆಯವರು ಹತ್ತುವಂತಿಲ್ಲ, ಅವನ ಕಣ್ಣನ್ನು ಗಮನಿಸುವಂತಿಲ್ಲ. ಕೋಣ ಬಂದರೆ ಮನೆಮಂದಿಯೆಲ್ಲ ಏರುತ್ತಾರೆ, ಮಂಡಿಯವರು ಏರುತ್ತಾರೆ. ದಡ್ಡಿ ಹುಡುಗಿಯ ಕೈಗೆ ಅಷ್ಟು ಜೀವ ಒಪ್ಪಿಸುವುದು ಹೇಗೆ ಎಂದು ಡ್ರೈವರನ್ನು ಇಡುತ್ತಾರೆ. ಡ್ರೈವರಿಗೆ ವಾರದಲ್ಲಿ ಎಲ್ಲ ಗೊತ್ತಾಗುತ್ತದೆ, ಇನ್ನೊಂದು ವಾರದಲ್ಲಿ ಅರಸೀಕೆರೆಯವರೆಗೂ ಗೊತ್ತಾಗುತ್ತದೆ. ಚಿಕ್ಕಪ್ಪ ಬೇರೆ ಮೊದಲ ದಿನದಿಂದ ಕೋಣವೇ ಬೇಕು, ಒಳ್ಳೆಯ ಡ್ರೈವರನ್ನೂ ಇಡೋಣ ಎಂದು ಪಟ್ಟು ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಊರೆಲ್ಲ ಮೆರೆಯುವ ಆಸೆ ಅವನಿಗೆ ಎಂದು ನಾನು ಒಳಗೊಳಗೇ ಬೈದುಕೊಂಡೆ.

ಮಾರನೆಯ ದಿನ ಎರಡನ್ನೂ ಓಡಿಸಿ ನೋಡುವುದೆಂದಾಯಿತು. ಮೊದಲು ಕಪ್ಪೆ. ಸಾಬರ ಅಂಗಳದಿಂದ ಹೊರಡುವಾಗ ಪದ್ಧತಿಯಂತೆ ಒಂದೆರಡು ಸಲ ಇಂಜಿನ್ ನಿಲ್ಲಿಸಿ, ನೋಡುವವರಿಗೆ ನಿರಾಸೆ ಮಾಡದೆ ಹೊರಟೆ. ನೊಣವಿನಕೆರೆಯ ರಸ್ತೆ ಹಿಡಿದು ಊರು ದಾಟಿದ ಮೇಲೆ ಅಪ್ಪ ಕ್ಯಾನ್ವಾಸು ಮಡಚಿಸಿದ. ಗೇರಿನ ಕೋಲು ಗಿಡ್ಡ, ಎರಡು ಬೆರಳಿಗೆ ಸಿಗುತ್ತಿತ್ತು. ನೆಲದಿಂದ ಗೇಣೆತ್ತರದಲ್ಲಿ ಕೂತು ಹೋಗುವಾಗ ನಲವತ್ತು ಮೈಲಿ ವೇಗವೂ ನೂರರಂತೆ ಕಾಣುತ್ತದೆ. ಎರಡೂ ಕಡೆಯ ತೆಂಗಿನ ಸಾಲು ಸರಸರನೆ ಹಿಂದಕ್ಕೆ ಹೋಗುತ್ತಿತ್ತು. ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಮುಖವೊಡ್ಡಿ, ಸಣ್ಣ ಹುಡುಗನ ಹಾಗೆ ನಕ್ಕ. ಅವನು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು. ಆದರೆ ನನ್ನ ಕಾಲಿಗೆ ಪೆಡಲಿನ ಮೂಲಕ ಆ ಗಟಗಟ ಬಡಿಯುತ್ತಲೇ ಇತ್ತು. ಸಾಬರು ಹೇಳಿದ್ದು ನಿಜ. ಈ ಗಾಡಿ ಒಂದು ದಿನ ಯಾವುದೋ ಊರಿಲ್ಲದ ಜಾಗದಲ್ಲಿ ನಿಂತುಬಿಡುತ್ತದೆ, ಪಕ್ಕದಲ್ಲಿ ಕಣ್ಣು ಕಾಣದ ಅಪ್ಪ ಇರುತ್ತಾನೆ.

ಮಧ್ಯಾಹ್ನ ಕೋಣ. ಅದರಲ್ಲಿ ಅಪ್ಪನ ಜೊತೆಗೆ ಅಜ್ಜಿ, ಅಮ್ಮ, ಚಿಕ್ಕಪ್ಪ, ರುದ್ರಣ್ಣ, ಸಾಬರು ಎಲ್ಲರೂ ಹತ್ತಿದರು. ಇಷ್ಟು ಜನರ ಮುಂದೆ ದಡ್ಡಿಯಾಗಿ ಓಡಿಸುವುದು ನನ್ನ ನಟನೆಯ ಪರಾಕಾಷ್ಠೆ. ಕೋಣವನ್ನು ಕುಕ್ಕಿಸಿದೆ, ನಿಲ್ಲಿಸಿದೆ, ಹಾರ್ನಿನ ಬದಲು ವೈಪರ್ ಹಾಕಿದೆ. ಚಿಕ್ಕಪ್ಪ ಮುಂದಿನ ಸೀಟಿನ ಬೆನ್ನನ್ನು ಎರಡು ಕೈಯಲ್ಲೂ ಹಿಡಿದು ಬಿಳುಚಿಕೊಂಡಿದ್ದ. ಅಜ್ಜಿ, "ಇವಳನ್ನು ಕಟ್ಕಳೋನು ನಡ್ಕಂಡೇ ಓಡಾಡ್ತಾನೆ ಬುಡು" ಅಂದಳು. ಆದರೆ ತುರುವೇಕೆರೆ ಕಡೆಯ ಒಂದು ಏರಿನಲ್ಲಿ, ಎಲ್ಲರೂ ಒಂದು ತೋಟದ ಕಡೆ ನೋಡುತ್ತಿದ್ದಾಗ, ನಾನು ತಡೆಯಲಾರದೆ ಪೆಡಲನ್ನು ಸ್ವಲ್ಪ ಒತ್ತಿದೆ. ಒಂದು ಸದ್ದಿಲ್ಲ, ಒಂದು ಅಲುಗಾಟವಿಲ್ಲ. ಇಷ್ಟು ಜನರನ್ನು ಹೊತ್ತುಕೊಂಡು ಏರು ಎಂಬುದೇ ಇಲ್ಲವೇನೋ ಎನ್ನುವಂತೆ ಅದು ಮೇಲಕ್ಕೆ ಹೋಯಿತು. ಆ ಕ್ಷಣವೇ ನನಗೆ ಖಾತ್ರಿಯಾಯಿತು, ಕೊಳ್ಳಬೇಕಾದ್ದು ಇದನ್ನು. ಇದನ್ನು ಕೊಂಡರೆ ಅಪ್ಪನ ಗುಟ್ಟು ಹೋಗುತ್ತದೆ, ನನ್ನ ಸ್ಟೇರಿಂಗೂ ಹೋಗುತ್ತದೆ. ಕಪ್ಪೆಯನ್ನು ಕೊಂಡರೆ ಎರಡೂ ಉಳಿಯುತ್ತವೆ, ಇಂಜಿನ್ನು ಉಳಿಯುವುದಿಲ್ಲ.

ಅಮ್ಮ ಅಜ್ಜಿಯರನ್ನು ಮನೆಯ ಹತ್ತಿರ ಇಳಿಸಿ ಸಾಬರ ಅಂಗಳಕ್ಕೆ ಬಂದೆವು. ಮಂಡಿಯವರು ಅಲ್ಲೇ ಬೀಡು ಬಿಟ್ಟಿದ್ದರು. ನಾನು ಅಪ್ಪನ ತೋಳು ಹಿಡಿದು, "ಅಪ್ಪ, ಕೋಣಾನೇ ಒಳ್ಳೇದು" ಎಂದು ಕಿವಿಯಲ್ಲಿ ಹೇಳಿದೆ. ಅವನು ನನ್ನ ಕೈಯನ್ನು ಒಮ್ಮೆ ಅಮುಕಿದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಕಪ್ಪೆ" ಅಂದ. "ಪಕ್ವವಾಗಿರೋದು ಬುಟ್ಟು ಹಸೀದು ತಗಳಕ್ಕೆ ನಾನೇನು ನೆನ್ನೆ ಮಂಡಿ ಇಟ್ಟೋನಾ?"

ಮಂಡಿಯವರು ಹೌದೌದು ಅಂದರು. ಸಾಬರು ಸುಮ್ಮನೆ ಬೀಡಿ ಹಚ್ಚಿದರು. ಆಗ ಚಿಕ್ಕಪ್ಪ ಇದ್ದಕ್ಕಿದ್ದಂತೆ ಟವಲನ್ನು ಹೆಗಲಿಂದ ಎಳೆದು ನೆಲಕ್ಕೆ ಬಡಿದ. ಅವನು ಸಿಟ್ಟಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಅಣ್ಣ, ಅದರಲ್ಲಿ ಎರಡೇ ಸೀಟು. ಒಂದರಲ್ಲಿ ನೀನು, ಇನ್ನೊಂದರಲ್ಲಿ ಇವಳು. ಒಬ್ರಿಗೆ ಕಣ್ಣು ಕಾಣಲ್ಲ, ಇನ್ನೊಬ್ರಿಗೆ ಓಡ್ಸಕ್ಕೆ ಬರಲ್ಲ. ನೀವಿಬ್ರು ಹೊಂಟ್ರೆ ನಾನು ಮಂಡೀಲಿ ಹೆಂಗಣ್ಣ ಕೂತಿರ್ಲಿ?"

ಅಪ್ಪ ನನ್ನ ಕಡೆಗೆ ಮುಖ ತಿರುಗಿಸಿದ. ನಾನು, "ನಾನು ಹೇಳಿಲ್ಲ ಅಪ್ಪ" ಅಂದೆ.

"ಅವಳು ಹೇಳಿಲ್ಲ ಕಣಣ್ಣ" ಅಂದ ಚಿಕ್ಕಪ್ಪ. ಅವನ ದನಿ ಈಗ ಇಳಿದಿತ್ತು. "ಮಂಡಿಗೆಲ್ಲ ಗೊತ್ತು. ವರ್ಷ ಆಯ್ತು. ಹಮಾಲರು ನಿನ್ನ ಮುಂದೆ ಬರುವಾಗ ಹೆಸರು ಕೂಗ್ಕಂಡು ಬತ್ತಾರಲ್ಲ, ಯಾಕೆ ಅಂದ್ಕಂಡೆ? ನಾನು ಇಡೀ ದಿನ ಬಾಯಿ ಬಡ್ಕಂತಾ ಇರೋದು ಯಾಕೆ ಅಂದ್ಕಂಡೆ? ಬಿಳುಪು ಐತೆ, ಕಪ್ಪು ಐತೆ ಅಂತ ನಾನು ಯಾರಿಗೆ ಹೇಳ್ತಿದ್ದೆ?"

ಅಪ್ಪ ಮುಖವನ್ನು ಜನರ ಕಡೆಗೆ ತಿರುಗಿಸಿ, "ಹೌದೇನಪ್ಪ ರುದ್ರ?" ಎಂದು ಕೇಳಿದ.

ರುದ್ರಣ್ಣ ಗಂಟಲು ಸರಿ ಮಾಡಿಕೊಂಡ. "ನೀನೇ ಹೇಳ್ತೀಯ ಅಂತ ಸುಮ್ನಿದ್ವಿ ಕಣಣ್ಣ. ನಿನ್ನ ಕೈಗೆ, ಮೂಗಿಗೆ ಏನಾಗೈತೆ? ಬೂಷ್ಟು ಹಿಡಿದದ್ದು ನೀನು ಬಗ್ಗಿದ್ರೆ ಸಾಕು, ಗೊತ್ತಾಯ್ತದೆ. ಬೇರೆ ಯಾರ ಹತ್ರ ಹೋಗಿ ನಾವು ಮಾಲು ತೋರ್ಸನ?" ಅಂದ.

ನಾವು ಒಂದು ವರ್ಷ ಯಾರಿಂದ ಮುಚ್ಚಿಟ್ಟಿದ್ದೆವೋ ಅವರು ಅದೇ ಒಂದು ವರ್ಷ ನಮಗೆ ಗೊತ್ತಾಗದ ಹಾಗೆ ಎಷ್ಟು ಜೋಪಾನವಾಗಿ ನಡೆದುಕೊಂಡಿದ್ದರು! ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಕಾಲು ಚಾಚಿ ಮೆರೆಯುವ ಆಸೆ ಎಂದು ನಾನು ಬೈದುಕೊಂಡಿದ್ದ ಚಿಕ್ಕಪ್ಪ ನೆಲದಿಂದ ಟವಲು ಎತ್ತಿಕೊಂಡು ಅದರ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ, ಅಣ್ಣನಿಗೆ ಒಂದು ಗಟ್ಟಿ ಗಾಡಿ, ಒಬ್ಬ ಒಳ್ಳೆಯ ಡ್ರೈವರು.

ಅಪ್ಪನ ಹೆಗಲು ಅಲ್ಲಾಡಿತು. ಅಳುತ್ತಿದ್ದಾನೆ ಎಂದುಕೊಂಡು ನಾನು ಹತ್ತಿರ ಹೋದೆ. ನಗುತ್ತಿದ್ದ.

"ನೀನು ಹೇಳಿದ್ದರಲ್ಲಿ ಅರ್ಧ ಸರಿ ಕಣ್ಲಾ" ಅಂದ ತಮ್ಮನಿಗೆ. "ನಂಗೆ ಕಣ್ಣು ಕಾಣಲ್ಲ, ನಿಜ. ಇನ್ನರ್ಧ ಸುಳ್ಳು. ರಹೀಮಣ್ಣ, ಕೋಣದ ಕೀ ಇವಳ ಕೈಗೆ ಕೊಡು."

ಸಾಬರ ಅಂಗಳದ ಬಾಗಿಲನ್ನು ನೀವು ನೋಡಿದ್ದರೆ ಒಳ್ಳೆಯದಿತ್ತು. ಒಂದು ಕಡೆ ಕಲ್ಲಿನ ಕಂಬ, ಇನ್ನೊಂದು ಕಡೆ ಚಕ್ರ ಬಿಚ್ಚಿಟ್ಟ ಲಾರಿ. ಕೋಣವನ್ನು ಹೊರಗೆ ತೆಗೆಯುವಾಗ ಸಾಬರೇ ಮುಂದೊಬ್ಬ ಹಿಂದೊಬ್ಬ ಆಳು ನಿಲ್ಲಿಸಿ, ಆ ಕಡೆ ಈ ಕಡೆ ಎಂದು ಕೂಗಿಸಿಕೊಂಡು, ಅರ್ಧ ಗಂಟೆ ಬೆವರುತ್ತಿದ್ದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ಯಾರೂ ಹಿಂದೆ ಮುಂದೆ ನಿಲ್ಲಬೇಡಿ ಎಂದೆ. ವರ್ಷದಿಂದ ಕೈಯಲ್ಲಿ ಕಟ್ಟಿಟ್ಟಿದ್ದದ್ದನ್ನೆಲ್ಲ ಬಿಚ್ಚಿ, ಅಷ್ಟುದ್ದದ ಗಾಡಿಯನ್ನು ಹಿಮ್ಮುಖವಾಗಿ, ಒಂದೇ ಸಲಕ್ಕೆ, ಕಂಬಕ್ಕೂ ಲಾರಿಗೂ ಮುಟ್ಟದೆ, ಎಲ್ಲೂ ಬ್ರೇಕು ಒತ್ತದೆ ರಸ್ತೆಗೆ ತಂದು ನಿಲ್ಲಿಸಿದೆ. ರುದ್ರಣ್ಣ ಹತ್ತಿ ನಿಂತಿದ್ದ ಜಗುಲಿಯಿಂದ ಕೆಳಗಿಳಿದ. ಸಾಬರು ಬಾಯಲ್ಲಿದ್ದ ಬೀಡಿ ತೆಗೆದು, "ಅರೆ, ಇದು ಎಲ್ಲಿತ್ತಮ್ಮ ಇಷ್ಟು ದಿನ?" ಅಂದರು. ನನಗೆ ಆ 'ಅರೆ' ಸಾಕಾಗಿತ್ತು. ಇವತ್ತಿಗೂ ಸಾಕು.

ಚಿಕ್ಕಪ್ಪ ಅಣ್ಣನ ಕೈ ಹಿಡಿದು ಕರೆತಂದು, ಬಾಗಿಲು ತೆಗೆದು, ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿದ. ಪಂಚೆಯ ಅಂಚು ಬಾಗಿಲಿಗೆ ಸಿಗದ ಹಾಗೆ ಒಳಕ್ಕೆ ಸರಿಸಿದ. ಎಲ್ಲರೂ ನೋಡುತ್ತಿರುವಾಗ ಹೀಗೆ ಕೈ ಹಿಡಿಸಿಕೊಳ್ಳಲು ಅಪ್ಪ ಅವತ್ತು ಒಂದಿಷ್ಟೂ ಹಿಂಜರಿಯಲಿಲ್ಲ. ಆಮೇಲೆ ಚಿಕ್ಕಪ್ಪ ಹಿಂದೆ ಹತ್ತಿದ. ಅವನ ಪಕ್ಕ ರುದ್ರಣ್ಣ, ಸಾಬರು, ಇನ್ನೂ ಇಬ್ಬರು ಮಂಡಿಯವರು ಒತ್ತರಿಸಿಕೊಂಡು ಕೂತರು. ಊರು ದಾಟುವವರೆಗೆ ಮೆಲ್ಲಗೆ ಹೋದೆ. ರೈಲ್ವೆ ಗೇಟು ಕಳೆದ ಮೇಲೆ ಎದುರಿಗೆ ರಸ್ತೆ ನೇರವಾಗಿ ಖಾಲಿ ಬಿದ್ದಿತ್ತು. ಕೋಣಕ್ಕೆ ಕಾಲು ತಾಗಿಸಿದೆ. ನಲವತ್ತಾಯಿತು, ಐವತ್ತಾಯಿತು, ಐವತ್ತೈದಾಯಿತು.

"ನಿಧಾನ ಕಣಮ್ಮ ಗಿರಿಜಾ, ನಿಧಾನ" ಎಂದು ಹಿಂದಿನಿಂದ ಚಿಕ್ಕಪ್ಪನ ದನಿ ಬಂತು. ಕನ್ನಡಿಯಲ್ಲಿ ನೋಡಿದರೆ ಅವನು ಮತ್ತೆ ನನ್ನ ಸೀಟಿನ ಬೆನ್ನನ್ನು ಹಿಡಿದುಕೊಂಡಿದ್ದ. ನಾನು ಕಾಲು ಸಡಿಲಿಸಿದೆ.

ಅಪ್ಪ ಕಿಟಕಿಯ ಗಾಜು ಪೂರ್ತಿ ಇಳಿಸಿದ. "ಅವನ ಮಾತು ಕೇಳ್ಬೇಡ ಕಣಮ್ಮ" ಅಂದ. "ಅವನಿಗೆ ಕಣ್ಣು ಕಾಣ್ತದೆ, ಅದಕ್ಕೆ ಹೆದರ್ತಾನೆ. ನಂಗೇನು ಭಯ? ಒತ್ತು."

ಒತ್ತಿದೆ.